ಗದ್ದ ಎದೆಗೆ ಮುಟ್ಟಲಿಲ್ಲ

ತುಮರಿ ಕಡೆಯ ಹಳ್ಳಿಗಳಲ್ಲಿ ಆಶಾ ಕಾರ್ಯಕರ್ತೆಯಾಗಿರುವ ಪ್ರತಿಮಾಗೆ ಎಡಗಿವಿ ಕೇಳಿಸುವುದಿಲ್ಲ. ಒಂಬತ್ತನೇ ತರಗತಿಯಲ್ಲಿದ್ದಾಗ ಮೆದುಳಿನ ಪೊರೆಗೆ ಸೋಂಕು ತಗುಲಿ ಜ್ವರ ಬಂದಿತ್ತು. ಆಸ್ಪತ್ರೆ ಸೇರಲು ಮೂರು ದಿನ ತಡವಾಯಿತು. ಜೀವ ಉಳಿಯಿತು, ಕಿವಿ ಹೋಯಿತು.

ಕಳೆದ ಫೆಬ್ರವರಿಯಲ್ಲಿ ಗುಡ್ಡದ ಮೇಲಿನ ಮನೆಯ ಬೆಳ್ಳಪ್ಪನಿಗೆ ಜ್ವರವೆಂದು ಕೇಳಿ ಅವನ ಮನೆಗೆ ಹೋದಳು. ಬೆಳಕು ತಡೆಯಲಾರದೆ ಅವನು ಕಣ್ಣಿಗೆ ಟವೆಲ್ ಹಾಕಿಕೊಂಡು ಮಲಗಿದ್ದ. ಎರಡು ಸಲ ವಾಂತಿಯೂ ಆಗಿತ್ತು.

"ಬೆಳ್ಳಪ್ಪಣ್ಣ, ಗದ್ದ ಎದೆಗೆ ಮುಟ್ಸಿ ನೋಡಣ," ಎಂದಳು. ಕುತ್ತಿಗೆ ಬಿಗಿದುಕೊಂಡಿತ್ತು, ಬಗ್ಗಲೇ ಇಲ್ಲ. ಅವಳಿಗೆ ಆ ಜ್ವರ ಬಂದಾಗಲೂ ಹೀಗೇ ಆಗಿತ್ತು.

"ಮಾತ್ರೆ ಕೊಟ್ಟೀನಿ, ನಾಳೆ ನೋಡಣ," ಎಂದಳು ಅವನ ಹೆಂಡತಿ ಶೇಷಮ್ಮ.

"ನಾಳೆ ಬೇಡ, ಈಗ್ಲೇ ಹೋಗಣ," ಎಂದ ಪ್ರತಿಮಾ ಆಗಲೇ ಆಂಬುಲೆನ್ಸಿಗೆ ಫೋನ್ ಮಾಡಿದ್ದಳು.

ಸಾಗರದ ಆಸ್ಪತ್ರೆಯಲ್ಲಿ ಡಾಕ್ಟರು ಕೂಡಲೇ ಆ್ಯಂಟಿಬಯೋಟಿಕ್ ಶುರು ಮಾಡಿದರು. ಬೆನ್ನಿನಿಂದ ಸ್ವಲ್ಪ ನೀರು ತೆಗೆದು ಪರೀಕ್ಷಿಸಬೇಕು ಎಂದಾಗ ಶೇಷಮ್ಮ ಸಹಿ ಹಾಕಲು ಹಿಂಜರಿದಳು.

"ಹಂಗೆ ಮಾಡಿದ್ರೆ ಕಾಲು ಬಿದ್ದೋಗ್ತದಂತಲ್ಲ, ಪ್ರತಿಮಾ?"

"ನನ್ನ ಬೆನ್ನಿಂದ್ಲೂ ತೆಗ್ದಿದ್ರು, ಶೇಷಮ್ಮ. ಇದೇ ಕಾಲಲ್ಲಿ ತಾನೇ ನಾನು ನಿಮ್ಮನೆ ಗುಡ್ಡ ಹತ್ತಿ ಬರೋದು?"

ಶೇಷಮ್ಮ ಅವಳ ಕಾಲನ್ನೊಮ್ಮೆ ನೋಡಿ ಸಹಿ ಹಾಕಿದಳು.

ಎರಡು ವಾರ ಚಿಕಿತ್ಸೆಯಾದ ಮೇಲೆ ಬೆಳ್ಳಪ್ಪ ತಾನೇ ನಡೆದು ಮನೆಗೆ ಬಂದ. ಕಿವಿ, ಕಣ್ಣು ಎಲ್ಲವೂ ಸರಿಯಾಗಿದ್ದವು. ಈ ಜ್ವರ ತರುವ ಕೆಲವು ರೋಗಾಣುಗಳನ್ನು ಮಕ್ಕಳ ಲಸಿಕೆ ತಡೆಯುತ್ತದೆ ಎಂದು ಪ್ರತಿಮಾ ಹಿಂದೆ ಹೇಳಿದಾಗಲೆಲ್ಲ ಶೇಷಮ್ಮ ಮೊಮ್ಮಗಳ ಸೂಜಿಯನ್ನು ಮುಂದಕ್ಕೆ ಹಾಕುತ್ತಿದ್ದಳು. ಗಂಡ ಮನೆಗೆ ಬಂದ ಮೇಲಿನ ಮೊದಲ ಲಸಿಕೆ ದಿನ, ಗುರುವಾರ, ಅಂಗನವಾಡಿಯ ಬಾಗಿಲು ತೆಗೆಯುವ ಮೊದಲೇ ಮಗುವನ್ನೆತ್ತಿಕೊಂಡು ನಿಂತಿದ್ದಳು. ಪಕ್ಕದ ಮನೆಯ ಸೊಸೆಯನ್ನೂ ಕೂಸಿನ ಸಮೇತ ಕರೆತಂದಿದ್ದಳು.