ಪಾದ್ರಿಯ ಜಗಲಿಯಲ್ಲಿ ನ್ಯಾಗೊಂಡ್ವೆ

ಆಫ್ರಿಕಾದ ನ್ಯಾಸಾ ಸರೋವರದ ದಂಡೆಯ ಆ ಹಳ್ಳಿಯಲ್ಲಿ ದೀಕ್ಷಾಸ್ನಾನ ಪಡೆಯಬೇಕಾದ ಗಂಡಸು ಒಬ್ಬ ಹೆಂಡತಿಯನ್ನು ಉಳಿಸಿಕೊಂಡು ಉಳಿದವರನ್ನು ಬಿಡಬೇಕಿತ್ತು. ಸ್ಕಾಟ್ಲೆಂಡಿನಿಂದ ಸಂಸಾರ ಸಮೇತ ಬಂದಿದ್ದ ಪಾದ್ರಿ ಲಾರಿಮರ್ ಅವರ ಕಟ್ಟಳೆ ಅದು. ಗಂಡ ಬಿಟ್ಟವಳು ಎಲ್ಲಿಗೆ ಹೋಗಬೇಕೆಂಬ ಬಗ್ಗೆ ಕಟ್ಟಳೆ ಏನನ್ನೂ ಹೇಳುತ್ತಿರಲಿಲ್ಲ.

ಮಾಸೋಜಿಗೆ ಇಬ್ಬರು ಹೆಂಡಿರು. ಅವನಿಗೆ ಯೇಸುವಿನ ಮೇಲೆ ಎಷ್ಟು ಪ್ರೀತಿಯಿತ್ತೋ ತಿಳಿಯದು; ದೀಕ್ಷೆ ಪಡೆದವರಷ್ಟೇ ಕೂರುವ ಮುಂದಿನ ಬೆಂಚಿನ ಮೇಲಂತೂ ಬಹಳ ಇತ್ತು. ಬಿಡಬೇಕಾದವಳು ಕಿರಿಯಳು, ನ್ಯಾಗೊಂಡ್ವೆ. ಅಲ್ಲಿನ ರೂಢಿಯಂತೆ ತೆರವಾಗಿ ದನ ಕೊಟ್ಟು ತಂದವಳ ಮಕ್ಕಳು ಅಪ್ಪನ ಕುಲಕ್ಕೇ ಸೇರಿದವರು. ಅವಳು ಹೊರಟರೆ ಇಬ್ಬರು ಮಕ್ಕಳನ್ನೂ ಬಿಟ್ಟೇ ಹೊರಡಬೇಕು.

"ನಿನ್ನ ತಪ್ಪೇನಿಲ್ಲ ಕಣೆ," ಎಂದ ಮಾಸೋಜಿ. "ಪಾದ್ರಿಗಳು ಹೇಳಿದಾರೆ, ಅಷ್ಟೆ."

"ಹಂಗಾದ್ರೆ ಇನ್ಮೇಲೆ ನಂಗೆ ಊಟ ಹಾಕೋದೂ ಪಾದ್ರಿಗಳೇ."

ಅವಳು ಚಾಪೆ, ಮಡಕೆ ಹೊತ್ತುಕೊಂಡು ಹೋಗಿ ಲಾರಿಮರ್ ಅವರ ಜಗಲಿಯಲ್ಲಿ ಬಿಡಾರ ಹೂಡಿದಳು. ಪಾದ್ರಿಯ ಹೆಂಡತಿ ಐಲ್ಸಾಗೆ ಮೊದಲು ಸಂತೋಷವೇ ಆಯಿತು. ಕತ್ತಲಿನಿಂದ ಓಡಿಬಂದ ಆತ್ಮವೆಂದು ಬಗೆದು ಚಹಾ ಕೊಟ್ಟಳು. ಮರುದಿನ ಹಿರಿಯ ಹೆಂಡತಿ ನ್ಯಾಚಿರ್ವಾ ಒನಕೆ ಹಿಡಿದು ಬಂದಳು. "ನಿನ್ನ ಬಿಟ್ಟು ಒಬ್ಬಳೇ ಕುಟ್ಟೋಕೆ ನಂಗೆ ಬೇಜಾರು ಕಣೆ," ಎಂದು ಅಲ್ಲೇ ಜೋಳ ಕುಟ್ಟತೊಡಗಿದಳು. ಊಟದ ಹೊತ್ತಿಗೆ ಮಕ್ಕಳೂ ಬಂದರು. ಪಾದ್ರಿಯ ಮನೆಯ ಪ್ರಾರ್ಥನೆ ಒನಕೆಯ ತಾಳಕ್ಕೆ ನಡೆಯಿತು.

ಊರ ಹೆಂಗಸರು ಒಬ್ಬೊಬ್ಬರಾಗಿ ಬಂದು ಐಲ್ಸಾಗೆ ಸಮಾಧಾನ ಹೇಳತೊಡಗಿದರು. "ಮೊದಮೊದ್ಲು ಸಂಕಟ ಆಗುತ್ತೆ, ಅಮ್ಮೋರೇ. ಕಿರಿಯಳಿಗೆ ಬೇರೆ ಗುಡಿಸಲು ಕಟ್ಟಿಸಿಕೊಡಿ. ಜಗಳ ಇರಲ್ಲ."

ಭಾನುವಾರ ಪಾದ್ರಿ ಪೀಠದಿಂದಲೇ ಸ್ಪಷ್ಟಪಡಿಸಬೇಕಾಯಿತು. "ಆಕೆ ನನ್ನ ಹೆಂಡತಿಯಲ್ಲ."

"ಮತ್ತೆ ಯಾರ ಹೆಂಡ್ತಿ, ಅಯ್ಯನೋರೇ?" ಹಿಂದಿನಿಂದ ನ್ಯಾಚಿರ್ವಾ ಕೇಳಿದಳು.

"ಯಾರ ಹೆಂಡತಿಯೂ ಅಲ್ಲ. ಗಂಡ ಬಿಟ್ಟಿದ್ದಾನೆ."

"ಬಿಡಿಸಿದ್ದು ಯಾರು?"

ಜನ ತಲೆ ತಗ್ಗಿಸಿದರು. ಅದು ಭಕ್ತಿಯಲ್ಲವೆಂದು ಅಲುಗುತ್ತಿದ್ದ ಭುಜಗಳು ಹೇಳುತ್ತಿದ್ದವು.

ಆ ಸಂಜೆ ಐಲ್ಸಾ ಗಂಡನಿಗೆ ಏನು ಹೇಳಿದಳೋ, ಬೆಳಗಾಗುತ್ತಲೇ ಅವರು ಮಾಸೋಜಿಯನ್ನು ಕರೆಸಿದರು. "ನಿನಗೆ ಇನ್ನೂ ಪಾಠ ಬಾಕಿ ಇದೆ. ದೀಕ್ಷೆ ಈಗ ಬೇಡ. ಇವಳನ್ನು ಕರೆದುಕೊಂಡು ಹೋಗು."

ನ್ಯಾಗೊಂಡ್ವೆ ಏಳಲಿಲ್ಲ. "ಇವಳು ಅಂದ್ರೆ ಯಾರು?"

"ನಿನ್ನ ಹೆಂಡತಿಯನ್ನು," ಎಂದರು ಪಾದ್ರಿ, ಮಾಸೋಜಿಯ ಕಡೆ ತಿರುಗಿ.

"ಅಕ್ಕಂಗೆ ಕೇಳಿಸ್ಲಿಲ್ಲ," ಎಂದಳು ನ್ಯಾಗೊಂಡ್ವೆ, ಒನಕೆ ಹಿಡಿದಿದ್ದ ನ್ಯಾಚಿರ್ವಾಳತ್ತ ತೋರಿಸಿ.

ಪಾದ್ರಿ ಗಟ್ಟಿಯಾಗಿ ಇನ್ನೊಮ್ಮೆ ಹೇಳಿದರು. ಊರು ಅದನ್ನು ಪಾದ್ರಿಯೇ ಮಾಡಿಸಿದ ಮದುವೆಯೆಂದು ಎಣಿಸಿತು.

ಹೆಂಗಸರಿಗೆ ಆ ಕಟ್ಟಳೆಯ ಅಡ್ಡಿಯಿರಲಿಲ್ಲ, ಇಬ್ಬರಿಗೂ ಇದ್ದದ್ದು ಒಬ್ಬನೇ ಗಂಡ. ಮುಂದಿನ ಈಸ್ಟರಿಗೆ ಇಬ್ಬರ ತಲೆಗೂ ದೀಕ್ಷೆಯ ನೀರು ಬಿತ್ತು. ಮಾಸೋಜಿಯ ಪಾಠ ಮಾತ್ರ ವರ್ಷ ವರ್ಷವೂ ಬಾಕಿ ಉಳಿಯುತ್ತ ಹೋಯಿತು. ಕೊನೆಗೆ ನ್ಯಾಚಿರ್ವಾ ಜ್ವರದಲ್ಲಿ ತೀರಿಕೊಂಡಾಗ ಲೆಕ್ಕ ಸರಿಹೋಯಿತು. ಪಾದ್ರಿ ತಡಮಾಡಲಿಲ್ಲ, ಸೂತಕ ಕಳೆಯುವ ಮೊದಲೇ ಅವನಿಗೆ ದೀಕ್ಷೆ ಕೊಟ್ಟು, ಇದು ದೇವರ ಕೃಪೆ ಎಂದರು.

ಆ ದಿನ ನ್ಯಾಗೊಂಡ್ವೆ ಚರ್ಚಿಗೆ ಹೋಗಲಿಲ್ಲ. ತನ್ನೊಬ್ಬಳದೇ ಆದ ಆ ಮನೆಯಲ್ಲಿ ಕೂತು ಅಕ್ಕನಿಗಾಗಿ ಅಳುತ್ತಿದ್ದಳು.