ಜಯತ್ತೆ ಸುರಿದ ನೀರು

ಮಗು ಹುಟ್ಟಿದ ಮನೆಯಲ್ಲಿ ಓಮ, ಬೆಳ್ಳುಳ್ಳಿ ಸಿಪ್ಪೆಯ ಹೊಗೆಯ ಜೊತೆ ಭಯವನ್ನೂ ಹಾಕುತ್ತಿದ್ದ ಕಾಲ ಅದು. ಅರಸೀಕೆರೆಯ ರೈಲು ಹಳಿಯಾಚೆಗಿದ್ದ ನಮ್ಮ ನಾಲ್ಕಾರು ಕ್ರೈಸ್ತ ಮನೆಗಳಲ್ಲಂತೂ ಕೂಸಿಗೆ ಶೀತಕ್ಕಿಂತ ಮೊದಲು ಜನ್ಮಪಾಪ ಅಂಟಿರುತ್ತಿತ್ತು. ಆದಾಮ ತಿಂದ ಹಣ್ಣಿನ ಕಲೆ ಎಲ್ಲ ಮಕ್ಕಳ ಆತ್ಮದ ಮೇಲೂ ಇರುತ್ತದೆ, ಜ್ಞಾನಸ್ನಾನದ ನೀರು ಬಿದ್ದರಷ್ಟೇ ಹೋಗುತ್ತದೆ, ಅದಕ್ಕೆ ಮುಂಚೆ ಸತ್ತ ಕೂಸಿಗೆ ಸ್ವರ್ಗವಿಲ್ಲ, ಸಮಾಧಿಯ ಬೇಲಿಯೊಳಗೆ ಜಾಗವೂ ಇಲ್ಲ ಎಂದು ಉಪದೇಶದ ತರಗತಿಯಲ್ಲಿ ಸಿಸ್ಟರ್ ಕಲಿಸಿದ್ದರು. ತಪ್ಪು ಹೇಳಿದವರ ಬೆರಳ ಗೆಣ್ಣಿಗೆ ರೂಲುದೊಣ್ಣೆ ಬೀಳುತ್ತಿತ್ತು. ನನಗೆ ಒಮ್ಮೆಯೂ ಬೀಳಲಿಲ್ಲ. ಜಾಣೆ ಅಂತಲ್ಲ, ಪುಕ್ಕಲಿ. ಈಗಲೂ ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಬಸ್‌ಸ್ಟ್ಯಾಂಡಿನಿಂದ ವಾಪಸು ಬರುವವಳು ನಾನು.

ಆ ಬೇಸಿಗೆಯಲ್ಲಿ ನನಗೆ ಹಿಡಿಯಷ್ಟು ತಂಗಿ ಹುಟ್ಟಿದಳು. ವಾರಗಳು ಕಳೆದರೂ ಚರ್ಚಿಗೆ ಒಯ್ದಿರಲಿಲ್ಲ. ನಮ್ಮ ಮನೆತನದಲ್ಲಿ, ಜ್ಞಾನಸ್ನಾನಕ್ಕೆ ಕೂಸನ್ನು ಎತ್ತಿಹಿಡಿಯುವ ಜ್ಞಾನತಂದೆಯೇ ಕೂಸಿನ ಹೆಸರು ಕೂಗಬೇಕು. ಆ ಜಾಗಕ್ಕೆ ಬಾಣಾವರದ ಚಿಕ್ಕಪ್ಪನೇ ಎಂದು ಅಜ್ಜಿ ಮಾತು ಕೊಟ್ಟಿದ್ದಳು. ಗಂಡಸಿ ಊರಿನ ತೆಂಗಿನ ತೋಟದ ಪಾಲಿನ ಜಗಳವಾದಾಗಿನಿಂದ ಅಪ್ಪ ತಮ್ಮನ ಮುಖ ನೋಡುತ್ತಿರಲಿಲ್ಲ. ಹೀಗಾಗಿ ಹೆಸರೂ ಇಲ್ಲ, ನೀರೂ ಇಲ್ಲ.

ಒಂದು ಭಾನುವಾರ ಮಧ್ಯಾಹ್ನ ಕೂಸಿನ ಮೈ ಕಾದು, ಹಾಲು ಕುಡಿಯುವುದನ್ನೂ ಬಿಟ್ಟಿತು. ಚರ್ಚಿನ ಸ್ವಾಮಿಗಳು ಬೇರೆ ಊರಿಗೆ ಪೂಜೆಗೆ ಹೋಗಿದ್ದರು. ಡಾಕ್ಟರನ್ನು ಕರೆತರಲು ಅಪ್ಪ ಚಪ್ಪಲಿ ಮೆಟ್ಟುವಷ್ಟರಲ್ಲಿ, ಅಜ್ಜಿ ಮೊದಲೇ ಹೇಳಿಕಳಿಸಿದ್ದ ಚಿಕ್ಕಪ್ಪ ಬಾಗಿಲಲ್ಲಿ ನಿಂತಿದ್ದ.

“ಏನ್ಲಾ, ಕೂಸು ಸಾಯ್ತಾ ಐತೆ, ಈಗ ಹೆಸ್ರು ಕೂಗಕ್ಕೆ ಬಂದ್ಯಾ?” ಎಂದ ಅಪ್ಪ.

“ನಿನ್ ಹಟಕ್ಕೆ ಕೂಸನ್ನ ಬೇಲಿಯಾಚೆ ಹೂಳ್ಬೇಕೇನಣ್ಣ?”

ಅಪ್ಪನ ಏಟಿಗೆ ಚಿಕ್ಕಪ್ಪನ ಹಲ್ಲೊಂದು ಹಾರಿ ನನ್ನ ಕಾಲ ಬಳಿ ಬಿತ್ತು. ಚಿಕ್ಕಪ್ಪ ಗೂಳಿಯಂತೆ ತಲೆಯಿಂದ ಗುಮ್ಮಿದ. ಇಬ್ಬರೂ ರಾಗಿ ಬೀಸುವ ಕಲ್ಲಿನ ಮೇಲೆ ಉರುಳಿದರು. ಎದ್ದಾಗ ಅಪ್ಪನ ಕೈಯಲ್ಲಿ ಕಾಯಿ ಕೆತ್ತುವ ಮಚ್ಚು, ಚಿಕ್ಕಪ್ಪನ ಕೈಯಲ್ಲಿ ಸೌದೆ. ಮಚ್ಚು ಚಿಕ್ಕಪ್ಪನ ನೆತ್ತಿ ಸವರಿತು. ದೇವಮಾತೆಯ ಪಟದ ಕೆಳಗಿನ ಸುಣ್ಣದ ಗೋಡೆಗೆ ರಕ್ತ ಎರಚಿತು.

“ಮೊದ್ಲು ಕೂಸಿಗೆ ನೀರ್ ಹಾಕ್ರೋ, ಪಾಪಿಗಳಾ!” ಎಂದು ಅಜ್ಜಿ ಚೊಂಬು ಹಿಡಿದು ನಡುವೆ ನುಗ್ಗಿದಳು. ಅಪ್ಪನಿಗೆಂದು ಬೀಸಿದ ಸೌದೆ ಅವಳ ಬಾಯಿಗೆ ಬಡಿಯಿತು. ಆಮೇಲೆ ಅವಳ ಬಾಯಿಂದ ರಕ್ತ ಬಂತೇ ಹೊರತು ಮಾತು ಬರಲಿಲ್ಲ.

ಒಳಕೋಣೆಯಿಂದ ಅವ್ವ ಕಿರುಚಿದಳು: “ನೀನಾದ್ರೂ ಹಾಕೇ! ಹೆತ್ತೋಳು ಹಾಕ್ಬಾರ್ದಂತೆ ಕಣೇ!”

ಇಡೀ ಉಪದೇಶ ಬಾಯಿಪಾಠವಿದ್ದವಳು ನಾನು. ಚೊಂಬು ತುಂಬಿಕೊಂಡು ಒಳಕೋಣೆಗೆ ಹೋಗಿ ಕೂಸಿನ ಬಳಿ ನಿಂತೆ. ನೀರು ಸುರಿಯುತ್ತಾ ಹೇಳಬೇಕಾದ ಪ್ರಾರ್ಥನೆಯಲ್ಲಿ ‘ಮತ್ತು’ ಒಂದು ಸಲವೋ ಎರಡು ಸಲವೋ ಎಂಬ ಅನುಮಾನ ಬಂತು. ನಾಲಿಗೆ ಸತ್ತೇಹೋಯಿತು, ಚೊಂಬು ಜಾರಿತು.

ಗಲಾಟೆ ಕೇಳಿ ಪಕ್ಕದ ಮನೆಯ ಜಯತ್ತೆ ಮೋಟುಗೋಡೆ ಹಾರಿ ಬಂದಿದ್ದಳು. ಹಣೆತುಂಬ ಕುಂಕುಮ ಇಡುತ್ತಿದ್ದ, ನಮ್ಮ ಚರ್ಚಿನ ಮೆಟ್ಟಿಲನ್ನೂ ಎಂದೂ ಹತ್ತದ ಹೆಂಗಸು. ಹೊಡೆದಾಡುವವರನ್ನು ಎಮ್ಮೆಗಳ ಹಾಗೆ ತಳ್ಳಿ ಒಳಬಂದು ಚೊಂಬು ಎತ್ತಿ ಮತ್ತೆ ನೀರು ತುಂಬಿಕೊಂಡಳು.

“ಏನ್ ಮಾಡ್ಬೇಕು ಹೇಳು ಮಗ.”

“ಯಾರ್ ಬೇಕಾದ್ರೂ ಹಾಕ್ಬೌದು ಅತ್ತೆ, ನೀವೂ ಹಾಕ್ಬೌದು. ಆದ್ರೆ ಸುರಿಯೋರೇ ಮಾತೂ ಹೇಳ್ಬೇಕು.”

“ನೀನ್ ಹೇಳ್ಕೊಡು, ಅಂತೀನಿ. ಕೂಸಿನ ಹೆಸ್ರೇನು?”

ಹೆಸರು ಕೂಗಬೇಕಾದವನು ನಡುಮನೆಯಲ್ಲಿ ಅಣ್ಣನ ಕತ್ತು ಹಿಸುಕುತ್ತಿದ್ದ. ಜಯತ್ತೆ ಕಾಯಲಿಲ್ಲ.

“ಗಂಗೆ,” ಎಂದಳು. “ಗಂಗೆ, ಪಿತನ... ಆಮೇಲೇನೇ?... ಮತ್ತು ಸುತನ ಮತ್ತು ಪವಿತ್ರಾತ್ಮರ ನಾಮದಲ್ಲಿ ನಿಂಗೆ ಜ್ಞಾನಸ್ನಾನ ಕೊಡ್ತೀನಿ ಕಣವ್ವ.”

ತಣ್ಣೀರು ಬಿದ್ದದ್ದಕ್ಕೆ ಕೂಸು ಕಣ್ಣು ಬಿಟ್ಟು ಸಿಟ್ಟಿನಿಂದ ಕಾಲು ಝಾಡಿಸಿತು. ಸಂಜೆಗೆ ಜೀವ ಹೋಯಿತು.

ವಾಪಸು ಬಂದ ಸ್ವಾಮಿಗಳು ಎಲ್ಲವನ್ನೂ ಕೇಳಿಸಿಕೊಂಡು, ಜಯತ್ತೆಯ ಕುಂಕುಮವನ್ನು ಬಹಳ ಹೊತ್ತು ನೋಡಿ, “ಬೇಲಿಯೊಳಗೇ ಹೂಳಿ” ಎಂದರು. ಅಪ್ಪ, ಚಿಕ್ಕಪ್ಪ ಬ್ಯಾಂಡೇಜು ಸುತ್ತಿಕೊಂಡು, ಒಬ್ಬರನ್ನೊಬ್ಬರು ನೋಡದೆ ಆ ಪುಟ್ಟ ಪೆಟ್ಟಿಗೆ ಹಿಡಿದು ನಡೆದರು. ನೀರು ಬಿದ್ದವರೇ ಇಬ್ಬರೂ. ಆ ಮನೆಯಲ್ಲಿ ಯಾರನ್ನೂ ಹೊಡೆಯದವಳು ಪೆಟ್ಟಿಗೆಯಲ್ಲಿದ್ದಳು.

ಆಮೇಲೆ ನನಗೆ ಹೊಸ ಚಿಂತೆ ಹಿಡಿಯಿತು. “ನಿಮ್ ಜನ್ಮಪಾಪ ಯಾರ್ ತೊಳೀತಾರೆ ಅತ್ತೆ? ನೀವು ಸ್ವರ್ಗಕ್ಕೆ ಬರಲ್ವಾ?”

ಜಯತ್ತೆ ಅವರೆಕಾಯಿ ಬಿಡಿಸುತ್ತಾ ಕೇಳಿದಳು: “ನಿಮ್ಮಪ್ಪ, ಚಿಕ್ಕಪ್ಪ ಬತ್ತಾರಾ ಅಲ್ಲಿಗೆ?”

“ಹೂಂ, ಅವ್ರಿಗೆ ನೀರ್ ಹಾಕೈತೆ.”

“ಹಂಗಾದ್ರೆ ನಾನಿಲ್ಲೇ ಚೆನ್ನಾಗಿವ್ನಿ ಬಿಡವ್ವ.”

ನೀರು ಬೀಳದೆ ಹೋದ ಕೂಸುಗಳನ್ನು ದೇವರ ಕರುಣೆಗೆ ಒಪ್ಪಿಸಿದ್ದೇವೆ, ಚಿಂತೆ ಬೇಡ ಎಂದು ಈಗಿನ ಎಳೆಯ ಫಾದರ್ ಹೇಳುತ್ತಾರೆ. ಭಯ ಹೋದದ್ದು ಒಳ್ಳೆಯದೇ. ಆದರೆ ಆ ಮೋಟುಗೋಡೆಯೂ ಹೋಗಿದೆ. ಅಲ್ಲೀಗ ಆಳೆತ್ತರದ ಕಾಂಪೌಂಡು, ಮೇಲೆ ಗಾಜಿನ ಚೂರು. ಜಯತ್ತೆಯಂಥವಳು ಇವತ್ತು ಪರರ ಕೂಸಿಗೆ ಹಾಗೆ ನೀರು ಸುರಿದರೆ, ಎರಡೂ ಕಡೆಯವರು ಮೊದಲು ಮೊಬೈಲು ತೆಗೆದು ವೀಡಿಯೊ ಹಿಡಿಯುತ್ತಾರೆ.

ಸತ್ತವರ ಹಬ್ಬಕ್ಕೆ ಗಂಗೆಯ ಶಿಲುಬೆಯ ಮುಂದೆ ಮೇಣದಬತ್ತಿ ಹಚ್ಚುತ್ತೇನೆ. ಇನ್ನೊಂದನ್ನು ಬೇಲಿಯಾಚೆ ಹಚ್ಚಿಡುತ್ತೇನೆ, ಜಯತ್ತೆಗೆ. ಅವಳು ಎಲ್ಲಿದ್ದರೂ ಚೆನ್ನಾಗಿಯೇ ಇರುತ್ತಾಳೆ, ಗೊತ್ತು. ಆದರೂ ಗೇಟು ದಾಟಿದ ಮೇಲೆ, ಗಾಳಿಗೆ ಆರಿತೇನೋ ಎಂದು ವಾಪಸು ಹೋಗಿ ಅದೊಂದನ್ನು ಮಾತ್ರ ನೋಡಿ ಬರುತ್ತೇನೆ.