ಜೇಬಿನಲ್ಲಿದ್ದ ಮೌತ್‌ಗಾರ್ಡ್

ಒಂಬತ್ತನೇ ಕ್ಲಾಸಿನಲ್ಲಿದ್ದಾಗ ನನ್ನ ಹಲ್ಲಿಗೆ ಕ್ಲಿಪ್ ಹಾಕಿಸಿದರು. ಆಗ ನಾನು ಅರಸೀಕೆರೆಯ ನಮ್ಮ ಸ್ಕೂಲಿನ ಕಬಡ್ಡಿ ಟೀಮಿನಲ್ಲಿದ್ದೆ. ಆಟ ಬಿಡಲ್ಲ ಅಂತ ಅತ್ತಿದ್ದಕ್ಕೆ ಹಲ್ಲಿನ ಡಾಕ್ಟರು ರಬ್ಬರಿನಂಥ ಮೆತ್ತನೆಯ ಒಂದು ಮೌತ್‌ಗಾರ್ಡ್ ಕೊಟ್ಟರು. "ಕ್ಲಿಪ್ ಮೇಲೆ ಇದನ್ನ ಹಾಕ್ಕೊಂಡೇ ಆಡ್ಬೇಕಮ್ಮ. ಇಲ್ದಿದ್ರೆ ಬಿದ್ದಾಗ ತಂತಿ ತುಟಿ ಕುಯ್ಯುತ್ತೆ, ಹಲ್ಲೂ ಹೋಗುತ್ತೆ. ಪ್ರಾಕ್ಟೀಸಿಗೂ ಅಷ್ಟೇ" ಅಂದರು. ನನಗಿಂತ ಮೊದಲು ಅಪ್ಪ ತಲೆಯಾಡಿಸಿದರು.

ಅದನ್ನು ಬಾಯಲ್ಲಿಟ್ಟುಕೊಂಡರೆ ಮಾತು ತೊದಲುತ್ತಿತ್ತು. ರೈಡ್ ಹೋದವಳು 'ಕಬಡ್ಡಿ ಕಬಡ್ಡಿ' ಅನ್ನುವುದು ಅಂಪೈರಿಗೆ ಸ್ಪಷ್ಟವಾಗಿ ಕೇಳಿಸಬೇಕು. ನನ್ನಿಂದ ಬರುತ್ತಿದ್ದದ್ದು ಬರೀ ಗೊಣಗಾಟ. ಹುಡುಗಿಯರು ನಗುತ್ತಿದ್ದರು. ನಗದೆ ಇದ್ದವಳು ಒಬ್ಬಳೇ, ಜಾವಗಲ್ ಕಡೆಯಿಂದ ಬಸ್ಸಿನಲ್ಲಿ ಬರುತ್ತಿದ್ದ ನನ್ನ ಗೆಳತಿ. ಕ್ಲಾಸಿನಲ್ಲಿ ನನ್ನ ಪಕ್ಕವೇ ಕೂರುತ್ತಿದ್ದಳು. ಟೀಮಿನಲ್ಲಿ ಅವಳ ಹಾಗೆ ಹಿಡಿಯುವವರು ಇನ್ನೊಬ್ಬರಿರಲಿಲ್ಲ. "ಹಾಕ್ಕೊಂಡೇ ಆಡು ಕಣೇ, ಅಭ್ಯಾಸ ಆಯ್ತದೆ" ಅನ್ನುತ್ತಿದ್ದಳು.

ಬೇಲೂರಿನಲ್ಲಿ ಮ್ಯಾಚ್ ಇತ್ತು. ಹಿಂದಿನ ದಿನ ಸಂಜೆ ಪ್ರಾಕ್ಟೀಸಿನಲ್ಲಿ ಪಿ.ಟಿ. ಮೇಡಂ, "ಏನೂ ಕೇಳಿಸ್ತಿಲ್ಲ. ನಾಳೆ ಹಿಂಗೇ ಆದ್ರೆ ನಿನ್ನ ಇಳಿಸಲ್ಲ" ಅಂದರು. ನೀರು ಕುಡಿಯುವ ನೆಪದಲ್ಲಿ ಹೋಗಿ ಗಾರ್ಡ್ ತೆಗೆದು ಟ್ರ್ಯಾಕ್ ಪ್ಯಾಂಟಿನ ಜೇಬಿಗೆ ಹಾಕಿಕೊಂಡೆ. ಯಾರೂ ನೋಡಲಿಲ್ಲ. ಮುಂದಿನ ರೈಡಿನಲ್ಲಿ ಗೆಳತಿ ಬಗ್ಗಿ ನನ್ನ ಮಂಡಿ ಹಿಡಿದಳು. ತಪ್ಪಿಲ್ಲದ ಹಿಡಿತ. ನಾನು ಮುಗ್ಗರಿಸಿದೆ. ಮೇಲೇಳುತ್ತಿದ್ದ ಅವಳ ತಲೆಗೆ ನನ್ನ ಬಾಯಿ ಬಡಿಯಿತು. ತಂತಿ ತುಟಿಯೊಳಗೆ ಹೊಕ್ಕಿತ್ತು, ಮುಂದಿನ ಒಂದು ಹಲ್ಲು ಬುಡದಲ್ಲೇ ಮುರಿದಿತ್ತು.

ಹೊಲಿಗೆ ಹಾಕುವ ಮೊದಲು ಡಾಕ್ಟರು, "ಗಾರ್ಡ್ ಹಾಕಿದ್ಯೇನಮ್ಮ?" ಅಂತ ಕೇಳಿದರು. ಹೂಂ ಅಂತ ತಲೆಯಾಡಿಸಿದೆ. ಅವರು ಒಂದು ಗಳಿಗೆ ನನ್ನನ್ನೇ ನೋಡಿದರು. ಅಪ್ಪನ ಕಡೆ ತಿರುಗದೆ ಸೂಜಿ ಕೈಗೆತ್ತಿಕೊಂಡರು.

ಗಾರ್ಡ್ ಇದ್ದೂ ಹೀಗಾಗಿದೆಯೆಂದರೆ ಆ ಹುಡುಗಿ ಎಷ್ಟು ಜೋರಾಗಿ ಕೆಡವಿರಬೇಕು ಅಂತ ಎಲ್ಲರೂ ಅಂದುಕೊಂಡರು. ಅಮ್ಮ ಸ್ಕೂಲಿಗೆ ಹೋಗಿ ಕೂಗಾಡಿ ಬಂದರು. ಮೇಡಂ ಅವಳನ್ನು ಟೀಮಿನಿಂದ ತೆಗೆದರು.

ಆ ಭಾನುವಾರ ಅವಳು ತಾಯಿಯ ಜೊತೆ ನಮ್ಮ ಮನೆಗೆ ಬಂದಳು. ನಾನು ಏನೂ ಅಗಿಯುವಂತಿರಲಿಲ್ಲವೆಂದು ಎಳನೀರು ತಂದಿದ್ದರು. ಅವಳ ಹಣೆಯೂ ಊದಿಕೊಂಡಿತ್ತು. "ಬೇಕಂತ ಮಾಡ್ಲಿಲ್ಲ ಕಣೇ. ನೀನಾದ್ರೂ ನಿಮ್ಮಮ್ಮಂಗೆ ಹೇಳು" ಅಂದಳು. ಹೊಲಿಗೆ ಇದೆ, ಮಾತಾಡಲು ಆಗುವುದಿಲ್ಲ ಅಂತ ನನಗೆ ನಾನೇ ಹೇಳಿಕೊಂಡೆ. ಹೊಲಿಗೆ ಬಿಚ್ಚಿದ ಮೇಲೂ ಮಾತಾಡಲಿಲ್ಲ. ಅವಳು ಬೇರೆ ಬೆಂಚಿಗೆ ಹೋದಳು. ಮತ್ತೆ ಅಂಕಣಕ್ಕೆ ಇಳಿಯಲೇ ಇಲ್ಲ. ಹತ್ತನೇ ಕ್ಲಾಸಿಗೆ ಅವಳ ಊರಿನ ಹತ್ತಿರದ ಸ್ಕೂಲಿಗೆ ಸೇರಿಕೊಂಡಳು.

ಹೋದ ವರ್ಷ ಹಳೇಬೀಡಿಗೆ ಹೋಗುತ್ತಿದ್ದಾಗ ಬಸ್ಸಿನಲ್ಲಿ ಟಿಕೆಟ್ ಕೊಡುತ್ತಾ ಬಂದ ಕಂಡಕ್ಟರ್ ಅವಳೇ. ಗುರುತು ಹಿಡಿದು, "ಹಲ್ಲು ಚೆನ್ನಾಗಿ ಕೂರ್ಸವ್ರೆ" ಅಂದು ನಕ್ಕಳು. ಜಾವಗಲ್ಲಿನಲ್ಲಿ ಜನ ಇಳಿದ ಮೇಲೆ ಪಕ್ಕಕ್ಕೆ ಬಂದು ಕೂತಳು. ಮಗಳಿಗೆ ಮೂರು ವರ್ಷ ಅಂದಳು. ನಾನು ತಡೆಯಲಾರದೆ ಹೇಳಿಬಿಟ್ಟೆ: "ಆವತ್ತು ಗಾರ್ಡ್ ನನ್ನ ಬಾಯಲ್ಲಿರಲಿಲ್ಲ ಕಣೇ. ತೆಗೆದು ಜೇಬಲ್ಲಿಟ್ಕೊಂಡಿದ್ದೆ."

ಅವಳು ಟಿಕೆಟ್ ಮಿಷನ್ ಮಡಿಲಲ್ಲಿಟ್ಟು ತನ್ನ ಅಂಗೈಗಳನ್ನು ನೋಡಿಕೊಂಡಳು.

"ನನ್ ಕೈಯೇ ಒರಟು ಅಂದ್ಕೊಂಡಿದ್ದೆ. ಮಗಳು ಹುಟ್ದಾಗ ಎತ್ಕೊಳ್ಳೋಕೂ ಭಯ ಬೀಳ್ತಿದ್ದೆ."

"ತಪ್ಪಾಯ್ತು" ಅಂದೆ.

"ಆಗ ಒಂದ್ ಮಾತು ಹೇಳಿದ್ರೆ ಸಾಕಾಗಿತ್ತು."

ಮುಂದೆ ಯಾರೋ ಕೈ ಅಡ್ಡ ಹಾಕಿದರು. ಎದ್ದು ಬಾಗಿಲಿಗೆ ಹೋದವಳು ಮತ್ತೆ ಬಂದು ಕೂರಲಿಲ್ಲ. ಹಳೇಬೀಡಿನಲ್ಲಿ ಇಳಿಯುವಾಗ ಫೋನ್ ನಂಬರ್ ಕೇಳಿದೆ. "ಇದೇ ರೂಟಲ್ಲಿ ಇರ್ತೀನಲ್ಲ" ಅಂದು ಸೀಟಿ ಊದಿದಳು. ಬಸ್ಸು ಬೇಲೂರಿನ ಕಡೆ ಹೊರಟಿತು.

ಆಮೇಲೆ ಮೂರು ಸಲ ಅದೇ ಹೊತ್ತಿನ ಬಸ್ಸಿಗೆ ಹತ್ತಿದ್ದೇನೆ. ಮೂರು ಸಲವೂ ಟಿಕೆಟ್ ಕೊಟ್ಟವರು ಬೇರೆ ಯಾರೋ.